ಕುಲದ ರೋಗ, ಕೂಳಿನ ರೋಗ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದ ಹಿರಿಯರೇ ‘ಹಣೆಯ ಬರಹ ಅಳಿಸಲಾದೀತೆ?’ ಎಂದೂ ಕೇಳಿದರು. ಒಂದು ಮಾತು ರೋಗದ ಮೂಲವನ್ನು ಊಟದೆಲೆಯಲ್ಲಿ ಕಂಡಿತು, ಇನ್ನೊಂದು, ಹುಟ್ಟಿನಲ್ಲಿ. ಇವೆರಡರಲ್ಲಿ ಯಾವುದು ದಿಟ? ದೊಡ್ಡ ಕರುಳಿನ ಕ್ಯಾನ್ಸರಿನ ಚರಿತ್ರೆ ಇದಕ್ಕೆ ಕೊಡುವ ಉತ್ತರವನ್ನು ಕರಾವಳಿಯ ನಾವು ಅರಿತಿರಬೇಕಾಗಿದೆ.

1895ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ತಿನ್ನರಿಗೆ ಹೊಲಿಗೆಯ ಕೆಲಸದ ಹೆಂಗಸೊಬ್ಬಳು, ತಾನೂ ಮನೆಯವರಂತೆ ಕ್ಯಾನ್ಸರಿನಿಂದಲೇ ಸಾಯುವೆನೆಂದು ಹೇಳಿದಳಂತೆ. ಹಾಗೆಯೇ ಆಯಿತು. ವಾರ್ತಿನ್ನರು ಆ ಕುಟುಂಬದ ವೃತ್ತಾಂತವನ್ನು 1913ರಲ್ಲಿ ಪ್ರಕಟಿಸಿದರು. 1966ರಲ್ಲಿ ಹೆನ್ರಿ ಲಿಂಚ್ ಅಂತಹವೇ ಕುಟುಂಬಗಳನ್ನು ವರ್ಣಿಸಿದರು. ಕಾರಣವಾದ ವಂಶವಾಹಿಗಳು 1993ರಿಂದೀಚೆಗೆ ಒಂದೊಂದಾಗಿ ಪತ್ತೆಯಾದುವು. ಜೀವಕೋಶವು ತನ್ನ ಬರಹವನ್ನು ನಕಲು ಮಾಡುವಾಗ ಬೀಳುವ ತಪ್ಪುಗಳನ್ನು ತಿದ್ದುವುದೇ ಇವುಗಳ ಕೆಲಸ. ತಿದ್ದುವವನೇ ಕೆಟ್ಟರೆ ತಪ್ಪುಗಳು ರಾಶಿ ಬೀಳುವುವು.

ಆದರೆ ವಿಶೇಷವೊಂದಿದೆ. ವಾರ್ತಿನ್ನರು ಕಂಡ ಆ ಕುಟುಂಬದ ಮೊದಲ ತಲೆಮಾರುಗಳಲ್ಲಿ ಜಠರದ ಕ್ಯಾನ್ಸರು ಹೆಚ್ಚಾಗಿತ್ತು. ಮುಂದೆ ಅದು ತಗ್ಗಿ ಕರುಳಿನದು ಹೆಚ್ಚಿತು. ವಂಶವಾಹಿ ಬದಲಾಗಲಿಲ್ಲ, ಬದಲಾದುದು ಸುತ್ತಣ ಬದುಕು.

ಕರುಳಿನ ಕ್ಯಾನ್ಸರುಗಳಲ್ಲಿ ಈ ವಂಶದ ಬಗೆ ನೂರಕ್ಕೆ ಮೂರರಷ್ಟು ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವು ಬೇರೆ ಹಾದಿಯಲ್ಲಿ, ವರ್ಣತಂತುಗಳ ಅಸ್ತವ್ಯಸ್ತತೆಯಿಂದ, ವರ್ಷಾನುಗಟ್ಟಲೆ ಮೆಲ್ಲನೆ ಬೆಳೆಯುವುವು. ಹೆಸರು ಒಂದು, ಹುಟ್ಟು ಬೇರೆ. ಜಪಾನಿನಿಂದ ಅಮೆರಿಕಕ್ಕೆ ವಲಸೆ ಹೋದವರಲ್ಲಿ ಈ ರೋಗ ಏರಿದುದನ್ನು 1960ರ ದಶಕದಲ್ಲಿಯೇ ವಿದ್ವಾಂಸರು ಗುರುತಿಸಿದ್ದರು.

ವಲಸೆ ನಮಗೇನು ಹೊಸದೆ? ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹುಡುಗರು ಮುಂಬಯಿ, ಬೆಂಗಳೂರುಗಳ ಹೋಟೆಲು ಸೇರಿ ಲೋಟ ತೊಳೆದು, ಕೆಲವರು ಮುಂದೆ ಗಲ್ಲಾದ ಮುಂದೆ ಕುಳಿತರು. ಊರಿನಲ್ಲಿಯೂ ಒನಕೆ ಮೂಲೆ ಸೇರಿತು, ಗದ್ದೆಗೆ ಟಿಲ್ಲರು ಬಂದಿತು, ಗಂಗೊಳ್ಳಿಯ ದೋಣಿಗೆ ಯಂತ್ರ ಬಂದಿತು. ಕುಚ್ಚಲಕ್ಕಿಯ ಗಂಜಿ ಔಷಧವೇನೂ ಆಗಿರಲಿಲ್ಲ. ಅದನ್ನು ಅರಗಿಸುವ ದುಡಿಮೆಯಿತ್ತು. ಮೈಯ ದುಡಿಮೆ ತಗ್ಗಿ ಹೊಟ್ಟೆ ಬೆಳೆದರೆ ಇನ್ಸುಲಿನ್ನಿನ ಮಾತನ್ನು ದೇಹ ಕೇಳದು. ಆಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುವುದು. ಅದು ಸಕ್ಕರೆಯನ್ನು ಆಳುವುದಲ್ಲದೆ ಕೋಶಗಳಿಗೆ ‘ಬೆಳೆ’ ಎಂದೂ ಹೇಳುವುದು. ಸಿಹಿಮೂತ್ರ ರೋಗವೂ ಬೊಜ್ಜೂ ಕರುಳಿನ ಕ್ಯಾನ್ಸರಿನ ಭಯವನ್ನು ಹೆಚ್ಚಿಸುವುದು ಹೀಗೆಂದು ವೈದ್ಯರು ತರ್ಕಿಸುತ್ತಾರೆ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಸಿಹಿಮೂತ್ರದವರು 10.1 ಕೋಟಿ.

ಕುಲವೂ ಕೂಳೂ ಸಂಧಿಸುವ ಸ್ಥಳವೂ ಉಂಟು. ಲಿಂಚ್ ಹೇಳಿದ ದೋಷವನ್ನು ಹೊತ್ತವರಲ್ಲಿಯೇ ಬೊಜ್ಜಿನವರಿಗೆ ಕರುಳಿನ ಕ್ಯಾನ್ಸರಿನ ಭಯ ಎರಡು ಪಟ್ಟಿಗೂ ಹೆಚ್ಚೆಂದು 2015ರ ಒಂದು ಅಧ್ಯಯನ ಕಂಡುಕೊಂಡಿತು. ಅಂತಹ ಕುಟುಂಬಗಳ ಕರುಳನ್ನು ದರ್ಶಕನಳಿಕೆಯಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಿದ ಫಿನ್ಲೆಂಡಿನಲ್ಲಿ ರೋಗವು ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದು 2000ದಲ್ಲಿ ವರದಿಯಾಯಿತು. ಹಣೆಯ ಬರಹವನ್ನು ಅಳಿಸಲಾಗದಿದ್ದರೂ ಓದಿ ಎಚ್ಚರಗೊಳ್ಳಬಹುದಲ್ಲವೆ?

ಓದಬೇಕಾದರೆ ಮನೆಯವರು ಬಾಯಿ ಬಿಡಬೇಕು. ಮಗಳ ಸಂಬಂಧ ತಪ್ಪೀತೆಂದು ಅಜ್ಜಯ್ಯನ ರೋಗದ ಹೆಸರನ್ನು ಮುಚ್ಚಿಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! 1953ರಲ್ಲಿ ಡಾ. ಟಿ. ಎಂ. ಎ. ಪೈಗಳು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದಂದಿನಿಂದ ಈ ಸೀಮೆಗೆ ವೈದ್ಯರು ದೂರವಿಲ್ಲ. ಅಜ್ಜಯ್ಯನಿಗೆ ಏನಾಗಿತ್ತು, ಎಷ್ಟನೆಯ ವಯಸ್ಸಿನಲ್ಲಿ ಆಯಿತು ಎಂಬ ಎರಡು ಮಾತನ್ನು ಅವರ ಮುಂದೆ ಹೇಳುವುದಷ್ಟೇ ಉಳಿದಿರುವುದು.