ಸ್ಟುಡಿಯೊ ಬಿಲ್ಲಿನಲ್ಲಿ ಪಂಕ್ ಚರಿತ್ರೆ: ಚೊಚ್ಚಲ ಆಲ್ಬಂಗಳ ಐದು ದಶಕ

ಪಂಕ್ ರಾಕ್ ಎಂದೊಡನೆ ಹರಿದ ಅಂಗಿ, ಸೇಫ್ಟಿ ಪಿನ್ನು, ನೆಟ್ಟಗೆ ನಿಂತ ಕೂದಲು ಕಣ್ಣ ಮುಂದೆ ಬರುತ್ತವೆ. ಆದರೆ ಆ ಸಂಗೀತದ ಮೊದಲ ಆಲ್ಬಂಗಳಲ್ಲಿ ಇಂದಿಗೂ ಮಾಸದ ಕಸುವು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ನೋಡಬೇಕಾದದ್ದು ಸ್ಟುಡಿಯೊದ ಬಿಲ್ಲನ್ನು. ಎಷ್ಟು ದಿನ ಬಾಡಿಗೆಗೆ ಸಿಕ್ಕಿತು, ಎಷ್ಟು ಹಣ ಖರ್ಚಾಯಿತು, ಒಂದೊಂದು ಹಾಡಿಗೆ ಎಷ್ಟು ಟೇಕು ತೆಗೆದುಕೊಂಡರು ಎಂಬ ಲೆಕ್ಕದಲ್ಲೇ ಈ ಪ್ರಕಾರದ ಬೆಳವಣಿಗೆ ಅಡಗಿದೆ.

1976ರ ಫೆಬ್ರುವರಿಯಿಂದ ಶುರುಮಾಡಬಹುದು. ಆ ತಿಂಗಳು ಫ್ಲೀಟ್‌ವುಡ್ ಮ್ಯಾಕ್ ತಂಡ ಕ್ಯಾಲಿಫೋರ್ನಿಯಾದ ಸಾಸಲಿಟೊದಲ್ಲಿ 'ರೂಮರ್ಸ್' ಆಲ್ಬಮ್ಮಿನ ಮುದ್ರಣಕ್ಕೆ ಕೂತಿತು. ಆ ಕೆಲಸ ಮುಗಿಯಲು ಹೆಚ್ಚುಕಡಿಮೆ ಒಂದು ವರ್ಷವೇ ಹಿಡಿಯಿತು. ಅದೇ ತಿಂಗಳು ನ್ಯೂಯಾರ್ಕ್‌ನಲ್ಲಿ, ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ ಕಟ್ಟಡದ ಮೇಲಂತಸ್ತಿನ ಪ್ಲಾಜಾ ಸೌಂಡ್ ಸ್ಟುಡಿಯೊಗೆ ಕ್ವೀನ್ಸ್‌ನ ಫಾರೆಸ್ಟ್ ಹಿಲ್ಸ್ ಬಡಾವಣೆಯ ನಾಲ್ವರು ಬಂದರು. ಒಂದು ವಾರದಲ್ಲಿ, 6,400 ಡಾಲರ್ ಖರ್ಚಿನಲ್ಲಿ, ಹದಿನಾಲ್ಕು ಹಾಡು ಮುಗಿಸಿ ಹೊರಟರು. ಎಲ್ಲ ಸೇರಿ ಇಪ್ಪತ್ತೊಂಬತ್ತು ನಿಮಿಷ. ಏಪ್ರಿಲ್‌ನಲ್ಲಿ ಹೊರಬಂದ, ತಂಡದ ಹೆಸರನ್ನೇ ಹೊತ್ತ 'ರಮೋನ್ಸ್' ಎಂಬ ಆ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 111ನೇ ಸ್ಥಾನ ದಾಟಲಿಲ್ಲ. ಐದು ಲಕ್ಷ ಪ್ರತಿಗಳ ಮಾರಾಟಕ್ಕೆ ಕೊಡುವ 'ಗೋಲ್ಡ್' ಮಾನ್ಯತೆ ಸಿಕ್ಕಿದ್ದು 2014ರಲ್ಲಿ, ಮೂವತ್ತೆಂಟು ವರ್ಷಗಳ ನಂತರ.

ಆ ವೇಗ ಹುಡುಗಾಟದಲ್ಲಿ ಬಂದದ್ದಲ್ಲ. 1974ರ ಆಗಸ್ಟ್‌ನಿಂದ ಬೌರಿ ಬೀದಿಯ ಸಿಬಿಜಿಬಿ ಕ್ಲಬ್ಬಿನಲ್ಲಿ ಅವರು ಇದೇ ಹಾಡುಗಳನ್ನು ಮತ್ತೆ ಮತ್ತೆ ನುಡಿಸಿ ಅರೆದು ನುಣ್ಣಗೆ ಮಾಡಿದ್ದರು. ಜಾನಿ ರಮೋನ್ ಗಿಟಾರ್ ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಮೀಟುತ್ತಿದ್ದರು. ಕೈ ಮೇಲೇರುವಾಗಲೂ ಮೀಟಿದರೆ ಶ್ರಮ ಅರ್ಧವಾಗುತ್ತದೆ, ನಾದವೂ ಮೆತ್ತಗಾಗುತ್ತದೆ. ಅಷ್ಟು ವೇಗದಲ್ಲಿ ಪ್ರತಿ ಪೆಟ್ಟನ್ನೂ ಕೆಳಮುಖವಾಗಿಯೇ ಹೊಡೆದದ್ದರಿಂದ ಆ ಗಿಟಾರ್‌ಗೆ ಯಂತ್ರದಂಥ ಸಮತೆ ಬಂತು. ಡ್ರಮ್ಸ್ ನುಡಿಸಿದ ಟಾಮಿಗೆ ಸ್ಟುಡಿಯೊ ಕೆಲಸ ಮೊದಲೇ ಗೊತ್ತಿತ್ತು. ನಿರ್ಮಾಪಕ ಕ್ರೇಗ್ ಲಿಯಾನ್ ಜೊತೆ ಕೂತು ಬೇಸ್ ಒಂದು ಸ್ಪೀಕರಿನಲ್ಲಿ, ಗಿಟಾರ್ ಇನ್ನೊಂದರಲ್ಲಿ ಕೇಳುವಂತೆ ವಿಂಗಡಿಸಿದರು. ಅದು ಬೀಟಲ್ಸ್‌ನ ಆರಂಭದ ಸ್ಟೀರಿಯೊ ರೆಕಾರ್ಡುಗಳ ಮಾದರಿ. ಬೀಟಲ್ಸ್‌ನ ಚೊಚ್ಚಲ ಆಲ್ಬಂ 'ಪ್ಲೀಸ್ ಪ್ಲೀಸ್ ಮಿ'ಯ ಹದಿನಾಲ್ಕು ಹಾಡುಗಳಲ್ಲಿ ಹತ್ತು 1963ರ ಫೆಬ್ರುವರಿ 11ರಂದು ಒಂದೇ ದಿನದಲ್ಲಿ ಮುದ್ರಣಗೊಂಡಿದ್ದವು. ವೇದಿಕೆಯಲ್ಲಿ ಪಳಗಿದ್ದನ್ನು ಹಾಗೇ ತಂದು ಟೇಪಿಗೆ ಇಳಿಸುವ ಈ ಕ್ರಮವನ್ನು ಎಪ್ಪತ್ತರ ದಶಕದ ದೊಡ್ಡ ರಾಕ್ ತಂಡಗಳು ಮರೆತಿದ್ದವು. ಪಂಕ್ ತಂಡಗಳು ಅದನ್ನು ಮರಳಿ ಹಿಡಿದವು.

1976ರ ಜುಲೈ 4ರಂದು ರಮೋನ್ಸ್ ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ನುಡಿಸಿದರು. ಅಲ್ಲಿಂದ ಕಥೆ ಬ್ರಿಟನ್ನಿಗೆ ದಾಟುತ್ತದೆ. ಬ್ರಿಟನ್ನಿನ ಮೊದಲ ಪಂಕ್ ಆಲ್ಬಂ ಎಂಬ ಹೆಸರು 1977ರ ಫೆಬ್ರುವರಿಯಲ್ಲಿ ಸ್ಟಿಫ್ ಕಂಪನಿ ತಂದ ದಿ ಡ್ಯಾಮ್ಡ್ ತಂಡದ 'ಡ್ಯಾಮ್ಡ್ ಡ್ಯಾಮ್ಡ್ ಡ್ಯಾಮ್ಡ್'ಗೆ ಸಲ್ಲುತ್ತದೆ. ಇಸ್ಲಿಂಗ್ಟನ್‌ನ ಪಾಥ್‌ವೇ ಎಂಬ ಇಕ್ಕಟ್ಟಾದ, ಎಂಟು ಟ್ರ್ಯಾಕಿನ ಸ್ಟುಡಿಯೊದಲ್ಲಿ ನಿರ್ಮಾಪಕ ನಿಕ್ ಲೋ ಅದನ್ನು ಮುದ್ರಿಸಿದರು.

ಎರಡೇ ತಿಂಗಳಲ್ಲಿ ದಿ ಕ್ಲಾಶ್ ತಂಡದ ಚೊಚ್ಚಲ ಆಲ್ಬಂ ಬಂತು. ಈ ತಂಡ ಸಿಬಿಎಸ್ ಕಂಪನಿಯೊಡನೆ ಒಂದು ಲಕ್ಷ ಪೌಂಡಿನ ಒಪ್ಪಂದ ಮಾಡಿಕೊಂಡಾಗ ಪಂಕ್ ಸತ್ತಿತು ಎಂದು ಗೊಣಗಿದವರಿದ್ದರು. ಆಲ್ಬಂ ಕೇಳಿದರೆ ಆ ದೂರು ನಿಲ್ಲುವುದಿಲ್ಲ. ಕೆಲವೇ ವಾರಾಂತ್ಯಗಳಲ್ಲಿ, ಸುಮಾರು 4,000 ಪೌಂಡಿನಲ್ಲಿ ಕೆಲಸ ಮುಗಿದಿತ್ತು. ನಿರ್ಮಾಪಕನ ಕುರ್ಚಿಯಲ್ಲಿ ಕೂತವರು ಹೆಸರಾಂತ ಯಾರೂ ಅಲ್ಲ, ಕಾರ್ಯಕ್ರಮಗಳಲ್ಲಿ ಅವರ ಮೈಕು-ಸ್ಪೀಕರು ನೋಡಿಕೊಳ್ಳುತ್ತಿದ್ದ ಮಿಕಿ ಫುಟ್. ಜೂನಿಯರ್ ಮರ್ವಿನ್‌ನ ರೆಗೆ ಹಾಡು 'ಪೊಲೀಸ್ ಅಂಡ್ ಥೀವ್ಸ್' ಅನ್ನು ಆರು ನಿಮಿಷ ಹಿಗ್ಗಿಸಿ ನುಡಿಸಿದ್ದು ಆ ಆಲ್ಬಮ್ಮಿನ ಅತಿ ಧೈರ್ಯದ ಗಳಿಗೆ. ಎರಡು ನಿಮಿಷದ ಹಾಡುಗಳ ನಡುವೆ ಜಮೈಕಾದ ನಿಧಾನ ಲಯ ಬಂದು ಕೂರುತ್ತದೆ. ಪಂಕ್ ಮುಂದೆ ಎತ್ತ ಹೊರಳಬಹುದೆಂಬ ಸೂಚನೆ ಅಲ್ಲೇ ಇದೆ. ಈ ಆಲ್ಬಮ್ಮಿನ ಸದ್ದು ಒರಟು ಎಂದು ಸಿಬಿಎಸ್‌ನ ಅಮೆರಿಕದ ಶಾಖೆ ಬಿಡುಗಡೆ ಮಾಡಲು ಒಪ್ಪಲಿಲ್ಲ. 1979ರವರೆಗೂ ಅಲ್ಲಿನ ಕೇಳುಗರು ಆಮದು ಪ್ರತಿಗಳನ್ನೇ ಕೊಂಡರು.

ಸೆಕ್ಸ್ ಪಿಸ್ತೂಲ್ಸ್ ಈ ಲೆಕ್ಕಕ್ಕೆ ಹೊರತು. ಬೀದಿಜಗಳದಂತೆ ಕೇಳುವ ಅವರ ಏಕೈಕ ಸ್ಟುಡಿಯೊ ಆಲ್ಬಂ ತಿಂಗಳುಗಟ್ಟಲೆ ತಿದ್ದಿ ಕಟ್ಟಿದ್ದು. ನಿರ್ಮಾಪಕ ಕ್ರಿಸ್ ಥಾಮಸ್ ಗಿಟಾರ್ ಮೇಲೆ ಗಿಟಾರ್ ಪದರ ಹಾಕಿದರು, ಬೇಸ್‌ನ ಬಹುಪಾಲು ನುಡಿಸಿದ್ದೂ ಗಿಟಾರ್ ವಾದಕ ಸ್ಟೀವ್ ಜೋನ್ಸ್ ಅವರೇ. 1977ರ ಅಕ್ಟೋಬರ್ ಕೊನೆಯಲ್ಲಿ ಹೊರಬಂದು ಬ್ರಿಟನ್ನಿನ ಪಟ್ಟಿಯ ತುದಿಗೇರಿತು. ಹೊದಿಕೆಯ ಮೇಲಿನ ಪದವೊಂದು ಅಶ್ಲೀಲವೆಂದು ನಾಟಿಂಗ್‌ಹ್ಯಾಮ್‌ನ ಅಂಗಡಿಯೊಂದರ ಮೇಲೆ ಮೊಕದ್ದಮೆಯೂ ನಡೆದು ಬಿದ್ದುಹೋಯಿತು. ಅದರ ಪ್ರಸಿದ್ಧಿ ದೊಡ್ಡದು, ನಿಜ. ಆದರೆ ಮುಂದಿನ ಹುಡುಗ ಹುಡುಗಿಯರ ಕೈಗೆ ದಾರಿ ಕೊಟ್ಟದ್ದು ಅದಕ್ಕಿಂತ ತುಂಬ ಚಿಕ್ಕದಾದ ಒಂದು ರೆಕಾರ್ಡು.

ಅದು ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡದ 'ಸ್ಪೈರಲ್ ಸ್ಕ್ರ್ಯಾಚ್'. ಆಲ್ಬಂ ಕೂಡ ಅಲ್ಲ, ನಾಲ್ಕೇ ಹಾಡು. ಮನೆಯವರು, ಗೆಳೆಯರ ಬಳಿ ಸಾಲ ಎತ್ತಿ ಕೂಡಿಸಿದ 500 ಪೌಂಡಿನಲ್ಲಿ ಮುದ್ರಿಸಿ, ಸಾವಿರ ಪ್ರತಿ ಒತ್ತಿಸಿ, 1977ರ ಜನವರಿಯಲ್ಲಿ ತಮ್ಮದೇ ಲೇಬಲ್ಲಿನಿಂದ ಹೊರತಂದರು. ಹೊದಿಕೆಯ ಹಿಂಬದಿಯಲ್ಲಿ ಪ್ರತಿ ಹಾಡಿನ ಎದುರು ಅದು ಎಷ್ಟನೇ ಟೇಕು, ಮೇಲೆ ಏನಾದರೂ ಸೇರಿಸಿದೆಯೇ ಎಂದು ಬರೆದಿತ್ತು. ತಯಾರಿಯ ಗುಟ್ಟನ್ನು ಹೀಗೆ ಬಿಚ್ಚಿಟ್ಟದ್ದೇ ಓದಿದವರಿಗೆ ಧೈರ್ಯ ಕೊಟ್ಟಿತು. ದೊಡ್ಡ ಕಂಪನಿಯ ಬಾಗಿಲಲ್ಲಿ ಕಾಯಬೇಕಾಗಿಲ್ಲ ಎಂಬುದು ಊರೂರಿಗೆ ಗೊತ್ತಾಯಿತು.

ಹಾಗೆ ಗೊತ್ತಾದ ಊರುಗಳಲ್ಲಿ ಉತ್ತರ ಐರ್ಲೆಂಡಿನ ಡೆರಿಯೂ ಒಂದು. ಸೈನಿಕರ ಗಸ್ತು, ಬಾಂಬು, ತಪಾಸಣೆಗಳ ನಡುವೆ ಬೆಳೆದ ಐವರು ಹುಡುಗರ ದಿ ಅಂಡರ್‌ಟೋನ್ಸ್ ತಂಡ 1978ರಲ್ಲಿ ಬೆಲ್‌ಫಾಸ್ಟಿಗೆ ಹೋಗಿ, ರೆಕಾರ್ಡು ಅಂಗಡಿ ನಡೆಸುತ್ತಿದ್ದ ಟೆರಿ ಹೂಲಿ ಅವರ ಗುಡ್ ವೈಬ್ರೇಷನ್ಸ್ ಲೇಬಲ್ಲಿಗೆ 'ಟೀನೇಜ್ ಕಿಕ್ಸ್' ಮುದ್ರಿಸಿತು. ಆ ಸೆಪ್ಟೆಂಬರಿನಲ್ಲಿ ಬಿಬಿಸಿಯ ರೇಡಿಯೊ ನಿರೂಪಕ ಜಾನ್ ಪೀಲ್ ಅದನ್ನು ಒಂದರ ಹಿಂದೆ ಒಂದರಂತೆ ಎರಡು ಸಲ ಹಾಕಿದರು. ರಮೋನ್ಸ್‌ರನ್ನು ಹೊರತಂದಿದ್ದ ಸೈರ್ ಕಂಪನಿಯೇ ಇವರನ್ನೂ ಕರೆಯಿತು. 1979ರ ಮೇ ತಿಂಗಳ ಚೊಚ್ಚಲ ಆಲ್ಬಮ್ಮಿನ ಮೊದಲ ಆವೃತ್ತಿಯಲ್ಲಿ ಆ ಪ್ರಸಿದ್ಧ ಹಾಡೇ ಇರಲಿಲ್ಲ, ಅಕ್ಟೋಬರಿನ ಮರುಬಿಡುಗಡೆಯಲ್ಲಿ ಸೇರಿತು. ಅದಿಲ್ಲದೆಯೂ ಅದು ತುಂಬಿದ ಆಲ್ಬಂ. ಬೇಸಿಗೆ, ಹುಡುಗಿಯರು, ನೆರೆಹೊರೆಯ ವಿಚಿತ್ರ ಹುಡುಗ: ಇವೇ ವಸ್ತು. ಕದನದ ಕುರಿತು ಹಾಡಲಿಲ್ಲವೆಂದು ಇವರನ್ನು ಹಗುರವಾಗಿ ನೋಡುವುದು ಅನ್ಯಾಯ. ಹದಿಹರೆಯದ ಸಾಮಾನ್ಯ ಆಸೆಗಳಿಗೆ ಆ ಊರಿನಲ್ಲಿ ಜಾಗ ಕೇಳುವುದೂ ದೊಡ್ಡ ಮಾತೇ. ಅದೇ ವರ್ಷ ಬೆಲ್‌ಫಾಸ್ಟಿನ ಸ್ಟಿಫ್ ಲಿಟಲ್ ಫಿಂಗರ್ಸ್ ತಂಡ 'ಇನ್‌ಫ್ಲೇಮಬಲ್ ಮೆಟೀರಿಯಲ್'ನಲ್ಲಿ ಕದನವನ್ನೇ ನೇರವಾಗಿ ಹಾಡಿತು. ರಫ್ ಟ್ರೇಡ್ ಎಂಬ ಸ್ವತಂತ್ರ ಲೇಬಲ್ಲಿನ ಈ ಮೊದಲ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ 14ನೇ ಸ್ಥಾನಕ್ಕೇರಿತು.

ಹುಡುಗಿಯರ ಪಾಲನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು. ಎಕ್ಸ್-ರೇ ಸ್ಪೆಕ್ಸ್‌ನ ಪಾಲಿ ಸ್ಟೈರೀನ್, ಸೊಮಾಲಿ ತಂದೆಯ ಮಗಳು, 1978ರ 'ಜರ್ಮ್‌ಫ್ರೀ ಅಡಾಲಸೆಂಟ್ಸ್'ನಲ್ಲಿ ಪ್ಲಾಸ್ಟಿಕ್ಕು, ಜಾಹೀರಾತು, ಕೊಳ್ಳುಬಾಕತನಗಳ ಬಗ್ಗೆ ಸ್ಯಾಕ್ಸೊಫೋನಿನ ಜೊತೆ ಗಂಟಲು ಬಿಚ್ಚಿ ಹಾಡಿದರು. ದಿ ಸ್ಲಿಟ್ಸ್ ತಂಡ ಹುಟ್ಟಿದಾಗ ಗಾಯಕಿ ಆರಿ ಅಪ್‌ಗೆ ಹದಿನಾಲ್ಕು ವರ್ಷ. ಆದರೆ ಅವರ ಆಲ್ಬಂ 'ಕಟ್' ಬಂದದ್ದು 1979ರಲ್ಲಿ. ಅಷ್ಟರಲ್ಲಿ ಅವರು ರೆಗೆಯನ್ನು ಮೈಗೂಡಿಸಿಕೊಂಡಿದ್ದರು, ನಿರ್ಮಾಪಕ ಡೆನಿಸ್ ಬೋವೆಲ್ ಒಂದು ಹಾಡಿನಲ್ಲಿ ಬೆಂಕಿಪೊಟ್ಟಣ, ಚಮಚಗಳನ್ನೂ ತಾಳವಾದ್ಯ ಮಾಡಿದರು. ಮೂರು ವರ್ಷ ಕಾದ ಚೊಚ್ಚಲ ಆಲ್ಬಂ ಬೇರೆಯೇ ಜಾತಿಯದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಎಂಬತ್ತರ ದಶಕದ ಅಮೆರಿಕದಲ್ಲಿ ಹಾರ್ಡ್‌ಕೋರ್ ಎಂಬ ಕವಲು ವೇಗವನ್ನು ಇನ್ನೂ ಏರಿಸಿತು, ಖರ್ಚನ್ನು ಇನ್ನೂ ಇಳಿಸಿತು. ಜ್ಯಾಜ್-ಫ್ಯೂಷನ್ ನುಡಿಸಿ ಪಳಗಿದ್ದ ವಾಷಿಂಗ್ಟನ್ನಿನ ಕಪ್ಪು ಯುವಕರ ಬ್ಯಾಡ್ ಬ್ರೇನ್ಸ್ ತಂಡದ ಮೊದಲ ಆಲ್ಬಂ 1982ರಲ್ಲಿ ಕ್ಯಾಸೆಟ್ಟಾಗಿ ಮಾತ್ರ ಬಂತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಡಿಸೆಂಡೆಂಟ್ಸ್ ಹದಿನೈದು ಹಾಡುಗಳನ್ನು ಇಪ್ಪತ್ತೆರಡು ನಿಮಿಷದಲ್ಲಿ ತುಂಬಿಸಿದರು. ಗಾಯಕ ಮೈಲೊ ಓಕರ್‌ಮನ್ ಜೀವಶಾಸ್ತ್ರ ಓದಲು ಹೊರಟಿದ್ದರಿಂದ ಆಲ್ಬಮ್ಮಿಗೆ 'ಮೈಲೊ ಗೋಸ್ ಟು ಕಾಲೇಜ್' ಎಂದೇ ಹೆಸರು.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸ್ವಯಂಸೇವಕರು ನಡೆಸುವ 924 ಗಿಲ್ಮನ್ ಸ್ಟ್ರೀಟ್ ಎಂಬ ಸಭಾಂಗಣವಿದೆ. ಅಲ್ಲಿ ನುಡಿಸಿ ಬೆಳೆದ ಗ್ರೀನ್ ಡೇ ತನ್ನ ಮೊದಲ ಆಲ್ಬಂ '39/ಸ್ಮೂತ್' ಅನ್ನು 1989-90ರ ಚಳಿಗಾಲದಲ್ಲಿ 700 ಡಾಲರಿಗೂ ಕಡಿಮೆ ಹಣದಲ್ಲಿ ಮುದ್ರಿಸಿತು. ಹಾಡುಗಾರ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್‌ಗೆ ಆಗ ಹದಿನೇಳು. ನಾಲ್ಕು ವರ್ಷಗಳ ನಂತರ ದೊಡ್ಡ ಕಂಪನಿಗೆ ಮಾಡಿದ 'ಡೂಕಿ' ಅಮೆರಿಕವೊಂದರಲ್ಲೇ ಕೋಟಿ ಪ್ರತಿ ದಾಟಿತು. ದೊಡ್ಡ ಕಂಪನಿಗಳ ತಂಡಗಳಿಗೆ ಪ್ರವೇಶವಿಲ್ಲ ಎಂಬ ನಿಯಮದಂತೆ ಗಿಲ್ಮನ್ ಅವರಿಗೆ ಬಾಗಿಲು ಮುಚ್ಚಿತು.

ಇಲ್ಲಿಂದ ಲೆಕ್ಕ ತಿರುಗುತ್ತದೆ. ಪಂಕ್‌ಗೆ ಮಾರುಕಟ್ಟೆ ಸಿಕ್ಕ ಮೇಲೆ ಹೊಸ ತಂಡಗಳಿಗೆ ಹಣವೂ ಸಮಯವೂ ದೊರೆಯತೊಡಗಿದವು. ಆದರೂ ಅವು ಅವಸರವನ್ನೇ ಬಯಸಿ ಆರಿಸಿಕೊಂಡವು. 1995ರಲ್ಲಿ ಸೂಪರ್‌ಗ್ರಾಸ್‌ನ 'ಐ ಶುಡ್ ಕೋಕೊ' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದಾಗ ಗಾಯಕ ಗ್ಯಾಜ್ ಕೂಂಬ್ಸ್‌ಗೆ ಹತ್ತೊಂಬತ್ತು. 2002ರಲ್ಲಿ ದಿ ಲಿಬರ್ಟೀನ್ಸ್ ತಮ್ಮ ಮೊದಲ ಆಲ್ಬಮ್ಮಿಗೆ ನಿರ್ಮಾಪಕರಾಗಿ ಕರೆದದ್ದು ದಿ ಕ್ಲಾಶ್‌ನ ಮಿಕ್ ಜೋನ್ಸ್ ಅವರನ್ನು. ಎಡವಿದಂತೆ ಕೇಳುವ ಗಿಟಾರ್‌ಗಳನ್ನು, ಉಸಿರು ಕಟ್ಟಿದ ಸಾಲುಗಳನ್ನು ಅವರು ಒಪ್ಪ ಮಾಡಲು ಹೋಗಲಿಲ್ಲ. ಶೆಫೀಲ್ಡಿನ ಆರ್ಕ್ಟಿಕ್ ಮಂಕೀಸ್ ಡೆಮೊ ಸಿಡಿಗಳನ್ನು ಕಾರ್ಯಕ್ರಮಗಳಲ್ಲಿ ಪುಕ್ಕಟೆ ಹಂಚಿದರು, ಅಭಿಮಾನಿಗಳು ಅವನ್ನು ಇಂಟರ್ನೆಟ್ಟಿಗೆ ಏರಿಸಿದರು. ಹೀಗಾಗಿ 2006ರ ಜನವರಿಯಲ್ಲಿ ಆಲ್ಬಂ ಬರುವ ಹೊತ್ತಿಗೆ ಕೇಳುಗರಿಗೆ ಹಾಡುಗಳು ಬಾಯಿಪಾಠವಾಗಿದ್ದವು. ಒಂದೇ ವಾರದಲ್ಲಿ 3,63,735 ಪ್ರತಿಗಳು ಮಾರಾಟವಾದವು. ಪೀಲ್‌ನಂಥ ಒಬ್ಬ ರೇಡಿಯೊ ನಿರೂಪಕ ಮಾಡುತ್ತಿದ್ದ ಕೆಲಸವನ್ನು ಈಗ ಸಾವಿರಾರು ಅಪರಿಚಿತರು ಮಾಡಿದ್ದರು.

2021ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಸಾರ್ವಜನಿಕ ಗ್ರಂಥಾಲಯದ ಪುಸ್ತಕದ ಕಪಾಟುಗಳ ನಡುವೆ ನಿಂತು ನಾಲ್ವರು ಹುಡುಗಿಯರು ನುಡಿಸಿದ ವಿಡಿಯೊ ಜಗತ್ತಿನ ತುಂಬ ಹರಡಿತು. ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕ ಮೂಲದ ಕುಟುಂಬಗಳಿಂದ ಬಂದ ಅವರ ತಂಡ ದಿ ಲಿಂಡಾ ಲಿಂಡಾಸ್. ಜಪಾನಿನ ಪಂಕ್ ತಂಡ ದಿ ಬ್ಲೂ ಹಾರ್ಟ್ಸ್‌ನ ಹಾಡಿನಿಂದ ಒಂದು ಜಪಾನೀ ಚಲನಚಿತ್ರಕ್ಕೆ, ಅಲ್ಲಿಂದ ಇವರಿಗೆ ಆ ಹೆಸರು ಬಂದಿದೆ. 2022ರ ಏಪ್ರಿಲ್‌ನಲ್ಲಿ ಎಪಿಟಾಫ್ ಲೇಬಲ್ ತಂದ ಚೊಚ್ಚಲ ಆಲ್ಬಂ 'ಗ್ರೋಯಿಂಗ್ ಅಪ್'ನಲ್ಲಿ ಹತ್ತೇ ಹಾಡು. ಅವುಗಳಲ್ಲಿ ಒಂದು ಸ್ಪ್ಯಾನಿಷ್‌ನಲ್ಲಿದೆ, ಒಂದು ಮನೆಯ ಬೆಕ್ಕಿನ ಮೇಲಿದೆ. ಮುದ್ರಿಸಿದವರು ಇಬ್ಬರು ಸದಸ್ಯೆಯರ ತಂದೆ, ವೃತ್ತಿಯಿಂದ ನಿರ್ಮಾಪಕರಾದ ಕಾರ್ಲೋಸ್ ಡಿ ಲಾ ಗಾರ್ಜಾ. ಸ್ಟುಡಿಯೊದ ಗಡಿಯಾರ ನೋಡಿ ಹೆದರಬೇಕಾದ ಸ್ಥಿತಿ ಇಲ್ಲದಿದ್ದರೂ ಹಾಡುಗಳು ಎರಡು ಮೂರು ನಿಮಿಷದಲ್ಲಿ ಹೇಳಬೇಕಾದದ್ದನ್ನು ಹೇಳಿ ನಿಲ್ಲುತ್ತವೆ. 2024ರಲ್ಲಿ ಗ್ರೀನ್ ಡೇ 'ಡೂಕಿ'ಯ ಮೂವತ್ತನೇ ವರ್ಷಕ್ಕೆ ಅದರ ಹಾಡುಗಳನ್ನೆಲ್ಲ ನುಡಿಸುತ್ತ ಅಮೆರಿಕದ ಕ್ರೀಡಾಂಗಣಗಳನ್ನು ಸುತ್ತಿದಾಗ, ಮೊದಲಿಗೆ ವೇದಿಕೆ ಹತ್ತುತ್ತಿದ್ದವರು ಇದೇ ಹುಡುಗಿಯರು. ಆ ಅಕ್ಟೋಬರಿನಲ್ಲಿ ಅವರ ಎರಡನೇ ಆಲ್ಬಂ 'ನೋ ಆಬ್ಲಿಗೇಶನ್' ಬಂತು.