ಲೂನಿ ನಾಣ್ಯದ ಮೇಲಿನ ಹಕ್ಕಿ

ಕೆನಡಾಕ್ಕೆ ಬಂದ ಹೊಸತು. ಬಟ್ಟೆ ಒಗೆಯೋ ಮಷೀನಿಗೆ ಹಾಕಲು ಚಿಲ್ಲರೆ ಬೇಕಿತ್ತು. ಅಂಗಡಿಯಾತ "ಲೂನಿ ಬೇಕಾ?" ಅಂದಾಗ ಕಕ್ಕಾಬಿಕ್ಕಿಯಾದೆ. ಒಂದು ಡಾಲರ್ ನಾಣ್ಯಕ್ಕೆ ಇಲ್ಲಿನ ಜನ ಇಟ್ಟಿರೋ ಅಡ್ಡಹೆಸರು ಅದು ಅಂತ ಆಮೇಲೆ ಗೊತ್ತಾಯ್ತು. ಕಾರಣ, ಅದರ ಮೇಲೆ ತೇಲುತ್ತಿರುವ ಲೂನ್ ಎಂಬ ನೀರುಹಕ್ಕಿ.

ಈ ಹಕ್ಕಿ ನಾಣ್ಯದ ಮೇಲೆ ಬಂದಿದ್ದೇ ಒಂದು ಎಡವಟ್ಟಿನಿಂದ! ಮೊದಲು ಅಲ್ಲಿರಬೇಕಾಗಿದ್ದದ್ದು ದೋಣಿ ನಡೆಸುವ ಇಬ್ಬರ ಚಿತ್ರ. 1986ರ ನವೆಂಬರಿನಲ್ಲಿ ಅದರ ಅಚ್ಚುಗಳನ್ನು ಒಟ್ಟಾವಾದಿಂದ ವಿನ್ನಿಪೆಗ್‌ನ ಟಂಕಸಾಲೆಗೆ ಕಳಿಸಿದರು. 43.50 ಡಾಲರ್ ಉಳಿಸೋಣ ಅಂತ ಸ್ಥಳೀಯ ಕೊರಿಯರ್ ಕೈಗೆ ಕೊಟ್ಟರಂತೆ. ಅಚ್ಚುಗಳು ದಾರಿಯಲ್ಲೇ ಮಾಯ! ಕಳ್ಳ ನಾಣ್ಯ ಹುಟ್ಟೀತು ಎಂಬ ಭಯಕ್ಕೆ ಸರ್ಕಾರ ಚಿತ್ರವನ್ನೇ ಬದಲಿಸಿತು. ರಾಬರ್ಟ್-ರಾಲ್ಫ್ ಕಾರ್ಮೈಕಲ್ ಬರೆದಿದ್ದ ಲೂನ್‌ಗೆ ಅದೃಷ್ಟ ಖುಲಾಯಿಸಿತು. 1987ರ ಜೂನ್ 30ರಂದು ಹೊಂಬಣ್ಣದ, ಹನ್ನೊಂದು ಮೂಲೆಯ ನಾಣ್ಯ ಚಲಾವಣೆಗೆ ಬಂತು.

ನಿಜವಾದ ಲೂನ್ ನೋಡಿದ್ದು ಆಲ್ಗಾಂಕ್ವಿನ್ ಪಾರ್ಕಿನ ಒಂದು ಸರೋವರದಲ್ಲಿ. ನೋಡೋದಕ್ಕಿಂತ ಮೊದಲು ಕೇಳಿದ್ದು ಅನ್ನಿ. ನಡುರಾತ್ರಿ, ಟೆಂಟಿನ ಹೊರಗೆ ಯಾರೋ ಅಳುತ್ತಾ ಕರೆದ ಹಾಗೆ ಉದ್ದನೆಯ ಕೂಗು. ನಮ್ಮಜ್ಜಿ ಇದ್ದಿದ್ದರೆ ಬಾಗಿಲು ತೆಗೀಬೇಡ ಅಂತಿದ್ದರು. ಬೆಳಗ್ಗೆ ನೋಡಿದರೆ ಕಪ್ಪು ತಲೆ, ಕೆಂಡದಂಥ ಕಣ್ಣು, ಬೆನ್ನ ಮೇಲೆ ಚದುರಂಗದ ಹಾಸಿನಂತೆ ಕಪ್ಪು-ಬಿಳಿ ಚೌಕಗಳು. ಆ ಬೆನ್ನ ಮೇಲೆ ಹಾಯಾಗಿ ಕೂತ ಒಂದು ಮರಿ!

ಬೇರೆ ಹಕ್ಕಿಗಳ ಮೂಳೆ ಟೊಳ್ಳಾದರೆ ಇದರ ಬಹಳಷ್ಟು ಮೂಳೆಗಳು ಗಟ್ಟಿ. ಹಾಗಾಗಿ ಮುಳುಗೋದು ಸುಲಭ. ಕಾಲುಗಳು ತೀರಾ ಹಿಂದಿರುವುದರಿಂದ ಈಜಿನಲ್ಲಿ ನಿಸ್ಸೀಮ, ನೆಲದ ಮೇಲೆ ಮಾತ್ರ ತೆವಳಾಟ. ಹಾರಬೇಕಾದರೆ ನೀರಿನ ಮೇಲೆ ವಿಮಾನದ ಥರ ದೂರ ಓಡಬೇಕು. ಚಳಿಗಾಲಕ್ಕೆ ಕೆಂಪು ಕಣ್ಣೂ ಇಲ್ಲ, ಚೌಕವೂ ಇಲ್ಲ. ಬೂದು ಬಣ್ಣಕ್ಕೆ ತಿರುಗಿ ಸಮುದ್ರ ಸೇರುತ್ತದೆ.

1994ರಲ್ಲಿ ಒಂಟಾರಿಯೋ ಇದನ್ನು ತನ್ನ ಪ್ರಾಂತ್ಯದ ಹಕ್ಕಿ ಎಂದು ಘೋಷಿಸಿತು. ಆದರೆ ಬಿರುದಿನಿಂದ ಹೊಟ್ಟೆ ತುಂಬುತ್ತಾ? ತಿಂದ ಮೀನು ಅರೆಯಲು ಲೂನ್ ಸಣ್ಣ ಕಲ್ಲುಗಳನ್ನು ನುಂಗುತ್ತದೆ. ಗಾಳದ ದಾರಕ್ಕೆ ಕಟ್ಟೋ ಸೀಸದ ಗುಂಡುಗಳನ್ನೂ ಹಾಗೇ ನುಂಗಿಬಿಡುತ್ತದೆ. ಒಂದೇ ಒಂದು ಗುಂಡು ಸಾಕು, ವಿಷವೇರಿ ಸಾಯಲು. 1997ರಲ್ಲಿ ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಮಿಗಿಂತ ಹಗುರಾದ ಸೀಸದ ಗುಂಡುಗಳನ್ನು ನಿಷೇಧಿಸಿದರು. ಆದರೆ ಲೂನ್‌ಗಳ ಸರೋವರಗಳೆಲ್ಲ ರಾಷ್ಟ್ರೀಯ ಉದ್ಯಾನದ ಒಳಗಿಲ್ಲವಲ್ಲ! ಆಲ್ಗಾಂಕ್ವಿನ್ ಕೂಡ ಪ್ರಾಂತ್ಯದ ಪಾರ್ಕು.

ತವರ, ಉಕ್ಕಿನ ಗುಂಡುಗಳೂ ಸಿಗುತ್ತವೆ, ಸೀಸಕ್ಕಿಂತ ಸ್ವಲ್ಪ ದುಬಾರಿ ಅಷ್ಟೆ. ನಲವತ್ಮೂರು ಡಾಲರ್ ಉಳಿಸಲು ಹೋಗಿ ಕಳೆದ ಅಚ್ಚಿನ ಬದಲು ಇನ್ನೊಂದು ಅಚ್ಚು ಮಾಡಿಕೊಂಡರು. ನಾಲ್ಕು ಕಾಸು ಉಳಿಸಲು ಹೋಗಿ ಈ ಹಕ್ಕಿ ಕಳೆದುಕೊಂಡರೆ ಬದಲಿಗೆ ಏನು ತರೋದು? ಅದರ ಅಚ್ಚು ಯಾವ ಟಂಕಸಾಲೆಯಲ್ಲೂ ಇಲ್ಲವಲ್ಲ.