ತಮಟೆಗೆ ತೇಪೆ ಬಂತು, ಒಳಗಿವಿಗೆ ಬರಲಿಲ್ಲ

ದಾವಣಗೆರೆಯಲ್ಲಿ ಗಣೇಶನ ಮೆರವಣಿಗೆ ಮುಗಿದ ಮರುದಿನ ‘ಡಿಜೆ ಸದ್ದಿಗೆ ಕಿವಿ ತಮಟೆನೇ ಹರ್ದೋತು’ ಎಂಬ ಮಾತು ಚಹಾದಂಗಡಿಗಳಲ್ಲಿ ಕೇಳಿಬರುತ್ತದೆ. ಇಂಗ್ಲಿಷಿನವರೂ ಜೋರು ಸದ್ದಿಗೆ ಈ ಪೊರೆಯನ್ನೇ ಮುಂದೆ ಮಾಡುತ್ತಾರೆ. ಪಾಪ, ತಮಟೆ ಅಷ್ಟು ಸುಲಭಕ್ಕೆ ಹರಿಯುವಂಥದ್ದಲ್ಲ. ಪಟಾಕಿ ಕಿವಿಯ ಪಕ್ಕದಲ್ಲೇ ಸಿಡಿದರೆ, ಕಪಾಳಕ್ಕೆ ಬಿದ್ದ ಏಟು ಕಿವಿಗೆ ಬಡಿದರೆ, ಗುಗ್ಗೆ ತೆಗೆಯಲು ಬೆಂಕಿಕಡ್ಡಿಯನ್ನೋ ಹೇರ್‌ಪಿನ್ನನ್ನೋ ಹಾಕಿದರೆ ಹರಿಯಬಹುದು. ನೆಗಡಿಯಿಂದ ಶುರುವಾದ ಸೋಂಕು ನಡುಗಿವಿಗೆ ಇಳಿದು ಕೀವು ಕಟ್ಟಿದರೂ ತೂತು ಬೀಳುತ್ತದೆ. ಡಿಜೆಯಂಥ ಸದ್ದು ಮಾತ್ರ ತಮಟೆಯನ್ನು ದಾಟಿ ಒಳಗಿವಿಯನ್ನು ಕೆಡಿಸುತ್ತದೆ. ಕಿವಿ ವೈದ್ಯಕೀಯ ನಡೆದುಬಂದ ದಾರಿಯನ್ನು ನೋಡುವಾಗ ಈ ಎರಡು ಹಾನಿಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು.

ತಮಟೆ ಎಂದರೆ ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್ ಅಗಲದ, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ, ಮೂರು ಪದರದ ಪೊರೆ. ಅದರ ಹಿಂದೆ ಮೂರು ಪುಟ್ಟ ಮೂಳೆಗಳ ಸರಪಳಿ. ಪೊರೆಯ ಅದುರುವ ಭಾಗ ಕೊನೆಯ ಮೂಳೆಯ ಪಾದಕ್ಕಿಂತ ಸುಮಾರು 17 ಪಟ್ಟು ದೊಡ್ಡದು. ಮೂಳೆಗಳ ಸನ್ನೆಬಲವೂ ಸೇರಿದರೆ ಗಾಳಿಯ ಒತ್ತಡ ಒಳಗಿವಿಯ ದ್ರವಕ್ಕೆ ತಲುಪುವಾಗ ಸುಮಾರು 22 ಪಟ್ಟಾಗುತ್ತದೆ. ಈ ಏರ್ಪಾಡಿಲ್ಲದಿದ್ದರೆ ಗಾಳಿಯ ಸದ್ದು ದ್ರವಕ್ಕೆ ತಾಗಿ ಬಹುಪಾಲು ಹಾಗೇ ವಾಪಸಾಗುತ್ತಿತ್ತು.

ಕಿವಿ ಸೋರುವ ರೋಗ ಹಳೆಯದು. ಸುಶ್ರುತ ಸಂಹಿತೆ 28 ಕರ್ಣರೋಗಗಳನ್ನು ಎಣಿಸುತ್ತದೆ. ಕರ್ಣಸ್ರಾವ, ಪೂತಿಕರ್ಣ ಆ ಪಟ್ಟಿಯಲ್ಲಿವೆ. ಕಿವಿಗೆ ಎಣ್ಣೆ ತುಂಬುವ ಚಿಕಿತ್ಸೆಯೂ ಆಯುರ್ವೇದದ್ದೇ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುವುದು ನಮ್ಮ ಮನೆಗಳಲ್ಲಿ ಇನ್ನೂ ನಿಂತಿಲ್ಲ. ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನೇರ ನಡುಗಿವಿಗೆ ಇಳಿಯುತ್ತದೆ. ತುಂಗಭದ್ರೆಯಲ್ಲಿ ಮುಳುಗು ಹಾಕುವ ಹರಿಹರದ ಹುಡುಗರಿಗೂ ಇದೇ ಅಪಾಯ: ತೂತಿನ ಕಿವಿಗೆ ಹೊಳೆನೀರು ಹೋದರೆ ಒಣಗಿದ ಸೋರಿಕೆ ಮತ್ತೆ ಶುರುವಾಗುತ್ತದೆ.

ತೂತು ಬಿದ್ದರೆ ಮನುಷ್ಯ ಕಿವುಡನೇ ಆಗುತ್ತಾನೆಂದು ಯುರೋಪಿನಲ್ಲಿ ಬಹುಕಾಲ ನಂಬಿದ್ದರು. ಲಂಡನ್ನಿನ ಶಸ್ತ್ರವೈದ್ಯ ಆಸ್ಲಿ ಕೂಪರ್ 1801ರ ಹೊತ್ತಿಗೆ ಹಾಗಲ್ಲವೆಂದು ತೋರಿಸಿದ. ತಮಟೆ ಹಾಳಾದ ರೋಗಿಗಳು ಸಾಕಷ್ಟು ಕೇಳಿಸಿಕೊಳ್ಳುತ್ತಿದ್ದರು. ಈ ಕೆಲಸಕ್ಕೆ ಅವನಿಗೆ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಸಿಕ್ಕಿತು. ತೂತು ಮುಚ್ಚುವ ಆಸೆ ಅದಕ್ಕೂ ಹಳೆಯದು. 1640ರಲ್ಲಿ ಮಾರ್ಕಸ್ ಬಾಂಟ್ಸರ್ ಎಂಬ ಜರ್ಮನ್ ವೈದ್ಯ ಎಲ್ಕ್ ಎಂಬ ದೊಡ್ಡ ಜಿಂಕೆಯ ಗೊರಸಿನ ಕೊಳವೆಗೆ ಹಂದಿಯ ಮೂತ್ರಕೋಶದ ಪೊರೆ ಬಿಗಿದು ಕಿವಿಗಿಡಲು ಹೇಳಿದ. ಜೋಸೆಫ್ ಟಾಯ್ನ್‌ಬಿ 1853ರಲ್ಲಿ ಬೆಳ್ಳಿ ತಂತಿಗೆ ರಬ್ಬರಿನ ಬಿಲ್ಲೆ ಸೇರಿಸಿದ. ಇವು ಹಾಕಿ ತೆಗೆಯುವ ಸಾಧನಗಳು, ವಾಸಿ ಮಾಡುವವಲ್ಲ. ಬರ್ತೋಲ್ಡ್ ಎಂಬ ವೈದ್ಯ 1878ರಲ್ಲಿ ಚರ್ಮದ ತುಂಡು ಕೂರಿಸಿದ್ದೇ ನಿಜವಾದ ತೇಪೆಯ ಆರಂಭ. ಆದರೂ ಆ ಕೆಲಸ ಎಪ್ಪತ್ತು ವರ್ಷ ಮುಂದೆ ಸಾಗಲಿಲ್ಲ. ಅಷ್ಟು ಸಣ್ಣ ಜಾಗವನ್ನು ಕಣ್ಣು ಕಾಣಬೇಕಲ್ಲ! ಸೋಂಕು ತಡೆಯುವ ಔಷಧಿಯೂ ಇರಲಿಲ್ಲ. 1921ರಲ್ಲಿ ಸ್ವೀಡನ್ನಿನ ನೈಲೆನ್ ಕಿವಿ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕ ತಂದ. 1940ರ ದಶಕದಲ್ಲಿ ಪೆನಿಸಿಲಿನ್ ಬಂತು. 1950ರ ದಶಕದ ಆರಂಭದಲ್ಲಿ ಜರ್ಮನಿಯ ವುಲ್‌ಸ್ಟೈನ್, ಟ್ಸೋಲ್ನರ್ ಇಬ್ಬರೂ ತಮಟೆ ಸರಿಪಡಿಸುವ ಶಸ್ತ್ರಚಿಕಿತ್ಸೆಯಾದ ಟಿಂಪನೋಪ್ಲಾಸ್ಟಿಯನ್ನು ಒಂದು ಪದ್ಧತಿಗೆ ತಂದರು. ಅವರು ಬಳಸಿದ ಚರ್ಮ ಒಳಗೆ ಸರಿಯಾಗಿ ಬಾಳಲಿಲ್ಲ. ಆ ದಶಕ ಮುಗಿಯುವ ಹೊತ್ತಿಗೆ ಕಿವಿಯ ಮೇಲಿನ ಕಣತಲೆ ಸ್ನಾಯುವಿನ ತೆಳು ಹೊದಿಕೆಯನ್ನು ಕತ್ತರಿಸಿ ಇಡುವುದು ಬಂತು. ಇವತ್ತಿಗೂ ಹೆಚ್ಚಾಗಿ ಬಳಸುವ ತೇಪೆ ಅದೇ.

ದಾವಣಗೆರೆಯ ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಅದೇ ವರ್ಷದ್ದು. ಒಂದು ಕಡೆ ರೋಗ ವಾಸಿ ಮಾಡುವ ವಿದ್ಯೆ, ಇನ್ನೊಂದು ಕಡೆ ಶ್ರವಣ ಅಳೆಯುವ ವಿದ್ಯೆ. ಬಾಪೂಜಿ ಮತ್ತು ಚಿಗಟೇರಿ ಆಸ್ಪತ್ರೆಗಳು ಕಾಲೇಜಿಗೆ ಸೇರಿಕೊಂಡಿದ್ದರಿಂದ ಸುತ್ತಲ ತಾಲ್ಲೂಕುಗಳ ಸೋರುವ ಕಿವಿಗಳಿಗೆ ಈ ಊರೇ ದಿಕ್ಕಾಯಿತು. ಬಡವರ ಮಕ್ಕಳ ರೋಗವೆಂದು ಉದಾಸೀನ ಮಾಡುತ್ತಿದ್ದ ಕಿವಿ ಸೋರಿಕೆಗೆ ಶಸ್ತ್ರಚಿಕಿತ್ಸೆ ಕೈಗೆಟುಕಿದ್ದು, ನನ್ನ ಲೆಕ್ಕದಲ್ಲಿ, ಈ ಕ್ಷೇತ್ರದ ದೊಡ್ಡ ಗಳಿಕೆ.

ಈ ಊರಿನ ಬಟ್ಟೆ ಮಿಲ್ಲುಗಳಲ್ಲಿ ದುಡಿದ ಕಿವಿಗಳ ಕಥೆ ಬೇರೆ. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ ಬಾಯ್ಲರ್ ಕಟ್ಟುವವರ ಶ್ರವಣವನ್ನು ಅಂಚೆಯವರ ಶ್ರವಣದ ಜೊತೆ ಹೋಲಿಸಿ ನೋಡಿದ. ಬಾಯ್ಲರ್‌ನವರ ಕಿವಿ ಬಹಳ ಕೆಟ್ಟಿತ್ತು. ಮ್ಯಾಂಚೆಸ್ಟರ್ ಸೀಮೆಯ ಲ್ಯಾಂಕಾಶೈರಿನ ನೇಕಾರ ಹೆಂಗಸರು ಮಗ್ಗದ ಗದ್ದಲದಲ್ಲಿ ತುಟಿ ನೋಡಿಯೇ ಮಾತು ತಿಳಿಯುವುದನ್ನು ರೂಢಿಸಿಕೊಂಡಿದ್ದರು. ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಮ್ಮೆಯಿಂದ ಹೆಸರಿಟ್ಟವರು ಆ ಸೀಮೆಯ ಬಟ್ಟೆಯನ್ನು ನೆನೆದರೇ ಹೊರತು ಕಿವಿಗಳನ್ನು ನೆನೆಯಲಿಲ್ಲ. ಮಗ್ಗದ ವಿಭಾಗದಲ್ಲಿ ಸದ್ದು 95 ಡೆಸಿಬೆಲ್ ದಾಟುವುದು ಸಾಮಾನ್ಯ. ನಮ್ಮ ಕಾರ್ಖಾನೆ ನಿಯಮಗಳು ಎಂಟು ಗಂಟೆಯ ಪಾಳಿಗೆ ಒಪ್ಪುತ್ತಿದ್ದ ಮಿತಿ 90. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆ ಲೇತುಗಳನ್ನು ಕೊಟ್ಟಿತು. ಲೋಹ ಕೊರೆಯುವ, ಬಡಿಯುವ ಕೆಲಸ ಎಲ್ಲಿದ್ದರೂ ಸದ್ದಿಲ್ಲದೆ ನಡೆಯದು.

ಈ ಸದ್ದು ಕೆಡಿಸುವುದು ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯದೊಳಗಿನ ರೋಮಕೋಶಗಳನ್ನು. ಕಾಕ್ಲಿಯದಲ್ಲಿ ಸದ್ದಿನ ಅಲೆ ಹೇಗೆ ಸಾಗುತ್ತದೆಂದು ಕಂಡುಹಿಡಿದ ವಿಜ್ಞಾನಿ ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು. ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ, ಅದಕ್ಕೆ ತೇಪೆಯೂ ಇಲ್ಲ. ಮೊದಲು ಹೋಗುವುದು 4000 ಹರ್ಟ್ಸ್ ಆಸುಪಾಸಿನ ಕೇಳ್ಮೆ. ಹಾನಿ ಹರಡಿದಂತೆ ಸ, ಶ, ತ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. ‘ಕೇಳಿಸ್ತದೆ, ಆದ್ರೆ ಏನಂದ್ರು ಅಂತ ತಿಳಿಯಲ್ಲ’ ಎನ್ನುವ ದೂರಿಗೆ ಕಾರಣ ಇದು. ಇಂಥವರ ಕಿವಿಗೆ ದೀಪ ಹಿಡಿದರೆ ತಮಟೆ ಹೊಳೆಯುತ್ತ, ಗಟ್ಟಿಮುಟ್ಟಾಗಿ ಕಾಣುತ್ತದೆ. ಹಾನಿ ಗೊತ್ತಾಗುವುದು ಶ್ರವಣ ಅಳೆದು ಆಡಿಯೋಗ್ರಾಮ್ ತೆಗೆದಾಗಲೇ.

ಕಾನೂನು ಇದನ್ನು ಮರೆತಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯ ರೋಗಗಳಲ್ಲಿ ಸದ್ದಿನಿಂದ ಬರುವ ಕಿವುಡೂ ಒಂದಾಗಿತ್ತು. ಅದನ್ನು ಗುರುತಿಸಿದ ವೈದ್ಯರು ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ವರದಿ ಕಳಿಸಬೇಕಿತ್ತು, ಮ್ಯಾನೇಜರ್ ನೋಟಿಸ್ ಕೊಡಬೇಕಿತ್ತು. ಆದರೆ ಈ ರೋಗ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ, ನೋವಿಲ್ಲ, ಕೀವಿಲ್ಲ. ಅಷ್ಟರಲ್ಲಿ ದಾವಣಗೆರೆಯ ಹಳೆಯ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು, 2000ದ ದಶಕದ ಆರಂಭದಲ್ಲಿ ಹರಿಹರದ ಕಿರ್ಲೋಸ್ಕರೂ ನಿಂತಿತು. ಕೆಲಸಕ್ಕೆ ಸೇರುವಾಗ ಶ್ರವಣ ಅಳೆಸದವನು ನಿವೃತ್ತಿಯ ಮೇಲೆ ಆಡಿಯೋಗ್ರಾಮ್ ತೆಗೆಸಿದರೆ ಅದರಲ್ಲಿ ಮಗ್ಗದ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಬಿಡಿಸಿದರೂ ಪರಿಹಾರ ಕೇಳಲು ಮಾಲೀಕನೇ ಉಳಿದಿರುವುದಿಲ್ಲ.